ತಲೆ ಕೆಳಗಿದೆ ಸರಿ, ಮುಖ ಎತ್ತ ಇದೆ?

ಹೊಟ್ಟೆಯಲ್ಲಿ ಮಗು ಹೇಗಿದೆ, ಅದರಿಂದ ಹೆರಿಗೆ ಹೇಗಾದೀತು ಎಂದು ಕೇಳಿ ಹಲವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ನನಗೀಗ 34 ವಾರ, ಚೊಚ್ಚಲು. ಸ್ಕ್ಯಾನಿಂಗ್ ವರದಿಯಲ್ಲಿ ‘ಸಿಫಾಲಿಕ್’ ಎಂದಿದೆ. ತಪಾಸಣೆ ಕಾರ್ಡಿನಲ್ಲಿ ಒಮ್ಮೆ ‘ಎಲ್‌ಒಎ’, ಮತ್ತೊಮ್ಮೆ ‘ಆರ್‌ಒಪಿ’ ಎಂದು ಬರೆದಿದ್ದಾರೆ. ತಲೆ ಕೆಳಗಿದ್ದರೆ ಸಾಕಲ್ಲವೆ? ಈ ಅಕ್ಷರಗಳೇನು?

ಉತ್ತರ: ಸಿಫಾಲಿಕ್ ಎಂದರೆ ತಲೆ ಕೆಳಗಿದೆ ಎಂದಷ್ಟೇ ಅರ್ಥ. ದಿನ ತುಂಬಿದಾಗ ನೂರಕ್ಕೆ ಸುಮಾರು 96 ಮಕ್ಕಳು ಹಾಗೇ ಇರುತ್ತವೆ. ಹೆರಿಗೆ ಎಷ್ಟು ಸಲೀಸಾಗುತ್ತದೆ ಎಂದು ತಿಳಿಯಬೇಕಾದರೆ ಇನ್ನೆರಡು ಸಂಗತಿ ನೋಡಬೇಕು. ಹೆಡತಲೆ, ಅಂದರೆ ತಲೆಯ ಹಿಂಭಾಗ, ಯಾವ ಕಡೆಗಿದೆ? ಗದ್ದ ಎದೆಗೆ ಎಷ್ಟು ತಾಗಿದೆ?

ಕಾರ್ಡಿನ ಅಕ್ಷರಗಳು ಹೆಡತಲೆಯ ವಿಳಾಸ. ಮೊದಲ ಅಕ್ಷರ ತಾಯಿಯ ಎಡ (ಎಲ್) ಅಥವಾ ಬಲ (ಆರ್). ನಡುವಿನ ‘ಒ’ ಹೆಡತಲೆ. ಕೊನೆಯದು ಮುಂದೆ (ಎ), ಹಿಂದೆ (ಪಿ) ಅಥವಾ ಪಕ್ಕಕ್ಕೆ (ಟಿ). ಎಲ್‌ಒಎ ಆದರೆ ಹೆಡತಲೆ ನಿಮ್ಮ ಹೊಟ್ಟೆಯ ಎಡ ಮುಂಭಾಗದಲ್ಲಿದೆ, ಮಗು ನಿಮ್ಮ ಬೆನ್ನಿನ ಕಡೆ ನೋಡುತ್ತಿದೆ. ಆರ್‌ಒಪಿ ಆದರೆ ಹೆಡತಲೆ ಬಲ ಹಿಂಭಾಗಕ್ಕಿದೆ, ಮುಖ ನಿಮ್ಮ ಹೊಟ್ಟೆಯ ಕಡೆಗಿದೆ.

ಇದು ಯಾಕೆ ಮುಖ್ಯ ಎಂದರೆ, ಸೊಂಟದ ಮೂಳೆಗೂಡಿನ ದಾರಿ ನೆಟ್ಟಗಿನ ಕೊಳವೆಯಲ್ಲ. ಮೇಲಿನ ಬಾಗಿಲು ಅಡ್ಡಕ್ಕೆ ಅಗಲ: ಅಡ್ಡ 13 ಸೆಂ.ಮೀ., ಹಿಂದುಮುಂದಕ್ಕೆ 11. ಕೆಳಗಿನ ಬಾಗಿಲು ಇದರ ಉಲ್ಟಾ: ಅಡ್ಡ 11, ಹಿಂದುಮುಂದಕ್ಕೆ 13. ನಡುವಿನ ಜಾಗ ಹೆಚ್ಚುಕಡಿಮೆ ದುಂಡಗೆ, 12. ಹಾಗಾಗಿ ತಲೆ ಸಾಮಾನ್ಯವಾಗಿ ಪಕ್ಕಕ್ಕೆ ಮುಖ ಮಾಡಿಕೊಂಡು ಒಳಸೇರುತ್ತದೆ, ಇಳಿಯುತ್ತ ತಿರುಗುತ್ತದೆ, ಹೊರಬರುವಾಗ ಮುಖ ತಾಯಿಯ ಬೆನ್ನಿನ ಕಡೆಗಿರುತ್ತದೆ. ಇಕ್ಕಟ್ಟಿನ ಬಾಗಿಲಲ್ಲಿ ಮಂಚ ಸಾಗಿಸುವವರು ಅದನ್ನು ಓರೆ ಮಾಡಿ, ತಿರುಗಿಸಿ ಒಯ್ಯುತ್ತಾರಲ್ಲ, ಹಾಗೆ.

ಇನ್ನು ತಲೆಯ ಅಳತೆ. ಗದ್ದ ಎದೆಗೊತ್ತಿ ಬಾಗಿದ ತಲೆ ದಾರಿಗೆ ಒಡ್ಡುವ ಅಳತೆ 9.5 ಸೆಂ.ಮೀ. ಕವಾಯತಿಗೆ ನಿಂತ ಸಿಪಾಯಿಯಂತೆ ತಲೆ ನೆಟ್ಟಗಿದ್ದರೆ 11.5. ತಲೆ ಹಿಂದಕ್ಕೆ ವಾಲಿ ಹಣೆ ಮುಂದಾದರೆ ಸುಮಾರು 13.5. ಮಗು ಅದೇ, ತೂಕ ಅದೇ, ಅಳತೆ ಮಾತ್ರ ಬೇರೆ. ‘ಮಗು ದೊಡ್ಡದು, ದಾರಿ ಚಿಕ್ಕದು’ ಎಂದು ಹೇಳುವ ಎಷ್ಟೋ ಕಡೆ ತೊಡಕು ಇರುವುದು ಮಗು ತಲೆ ಹಿಡಿದ ರೀತಿಯಲ್ಲಿ.

34 ವಾರಕ್ಕೆ ಈ ಅಕ್ಷರಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆಳಗ್ಗೆ ಆರ್‌ಒಪಿ ಇದ್ದ ಮಗು ಸಂಜೆಗೆ ಬೇರೆ ಕಡೆ ಹೊರಳಿರಬಹುದು.

ಪ್ರಶ್ನೆ: 38 ವಾರ ಮುಗಿದಿದೆ. ಮಗುವಿನ ಮುಖ ಮೇಲಕ್ಕಿದೆ, ‘ಒಪಿ’ ಎಂದರು. ನನ್ನ ಅಕ್ಕನಿಗೂ ಹೀಗೇ ಇದ್ದು, ಬೆನ್ನುನೋವಿನಲ್ಲೇ ಒಂದಿಡೀ ದಿನ ಕಳೆದು ಕೊನೆಗೆ ವ್ಯಾಕ್ಯೂಮ್ (ಮಗುವಿನ ತಲೆಗೆ ಬಟ್ಟಲು ಅಂಟಿಸಿ ಎಳೆಯುವ ಉಪಕರಣ) ಹಾಕಬೇಕಾಯಿತು. ನನಗೂ ಅದೇ ಗತಿಯೆ? ಈಗಲೇ ಮಗುವನ್ನು ತಿರುಗಿಸಲು ಏನಾದರೂ ಮಾಡಬಹುದೆ? ಮಂಡಿಯೂರಿ ಕೈಯೂರಿ ಇದ್ದರೆ ತಿರುಗುತ್ತದೆ ಎನ್ನುತ್ತಾರೆ.

ಉತ್ತರ: ನೋವು ಶುರುವಾಗುವ ಹೊತ್ತಿಗೆ ಹೆಚ್ಚುಕಡಿಮೆ ಐದರಲ್ಲಿ ಒಂದು ಮಗು ಹೀಗಿರುತ್ತದೆ. ಹುಟ್ಟುವ ಹೊತ್ತಿಗೂ ಹಾಗೇ ಉಳಿಯುವುದು ನೂರಕ್ಕೆ ಸುಮಾರು 5. ಉಳಿದವೆಲ್ಲ ಹೆರಿಗೆಯ ನಡುವೆ ತಿರುಗಿಕೊಳ್ಳುತ್ತವೆ. 38 ವಾರದ ಒಪಿ ಇವತ್ತಿನ ಸ್ಥಿತಿ ಹೇಳುತ್ತದೆಯೇ ಹೊರತು ಹೆರಿಗೆಯ ದಿನದ್ದನ್ನಲ್ಲ. ಅಕ್ಕನಿಗೆ ಹಾಗಾದದ್ದು ನಿಮಗೂ ಆಗಬೇಕೆಂದೇನೂ ಇಲ್ಲ.

ಮಂಡಿ-ಕೈ ಊರುವ ಭಂಗಿಯ ವಿಷಯ. ಗರ್ಭದ ಕೊನೆಯ ವಾರಗಳಲ್ಲಿ ದಿನಾ ಇದನ್ನು ಮಾಡಿಸಿ ನೋಡಿದ ಅಧ್ಯಯನಗಳಿವೆ. ಆ ಹೊತ್ತಿಗೆ ಮಗು ತಿರುಗಬಹುದು, ಆದರೆ ಹೆರಿಗೆಯ ಹೊತ್ತಿನ ಒಪಿ ಇದರಿಂದ ಕಡಿಮೆಯಾಗಲಿಲ್ಲ. ಬೆನ್ನಿಗೆ ಹಾಯೆನಿಸಿದರೆ ಮಾಡಿ, ತೊಂದರೆ ಇಲ್ಲ. ಮಾಡದೆ ಬಿಟ್ಟಿದ್ದಕ್ಕೇ ಮಗು ತಿರುಗಲಿಲ್ಲ ಎಂದು ಆಮೇಲೆ ಕೊರಗುವುದು ಮಾತ್ರ ಬೇಡ. ಆ ಅಪರಾಧಿ ಭಾವವನ್ನು ಹೆಂಗಸರ ತಲೆಗೆ ಕಟ್ಟುವ ಸಲಹೆಗಳು ಈಗ ವಿಪರೀತವಾಗಿವೆ.

ಒಪಿ ಇರುವುದಕ್ಕೆ ಕೆಲವು ಗುರುತುಗಳಿವೆ. ಹೊಕ್ಕುಳಿನ ಕೆಳಗೆ ತಟ್ಟೆಯಂತೆ ತಗ್ಗು ಕಾಣುತ್ತದೆ. ಒದೆತ ಹೊಟ್ಟೆಯ ಮುಂಭಾಗದಲ್ಲೇ ಹೆಚ್ಚು ಗೊತ್ತಾಗುತ್ತದೆ. ಹೃದಯದ ಬಡಿತ ಪಕ್ಕೆಯ ಕಡೆ ಸ್ಪಷ್ಟವಾಗಿ ಕೇಳುತ್ತದೆ. ಮಾಸು ಗರ್ಭಕೋಶದ ಮುಂಗೋಡೆಯಲ್ಲಿದ್ದರೆ ಈ ಗುರುತುಗಳು ಮಸುಕಾಗುತ್ತವೆ. ಖಚಿತವಾಗಿ ತಿಳಿಯಲು ಹೆರಿಗೆ ಕೋಣೆಯಲ್ಲಿ ಎರಡು ದಾರಿಗಳಿವೆ. ಒಂದು, ಹೊಟ್ಟೆಯ ಬುಡದಲ್ಲಿ ಸ್ಕ್ಯಾನ್ ಇಟ್ಟು ಮಗುವಿನ ಕಣ್ಣುಗೂಡುಗಳು ಎತ್ತ ಇವೆ ಎಂದು ನೋಡುವುದು. ಮೇಲಕ್ಕೆ ಕಂಡರೆ ಒಪಿ. ಇನ್ನೊಂದು, ಗರ್ಭಕೋಶದ ಬಾಯಿ ತೆರೆದ ಮೇಲೆ ಬೆರಳಿನಿಂದ ನೆತ್ತಿ ಮುಟ್ಟಿ ತಿಳಿಯುವುದು. ಬೆರಳ ತುದಿ ತಲೆಬುರುಡೆಯ ಸಂದಿನ ಗೆರೆ ಹಿಡಿದು ಸಾಗುತ್ತದೆ. ಮೂರು ಗೆರೆ ಕೂಡುವ ಸಣ್ಣ ತ್ರಿಕೋನ ಸಿಕ್ಕರೆ ಅದು ಹೆಡತಲೆಯ ಕಡೆಯ ಮೆತುಭಾಗ. ನಾಲ್ಕು ಗೆರೆ ಕೂಡುವ, ವಜ್ರದಾಕಾರದ ಅಗಲ ಮೆತುಭಾಗ ಸಿಕ್ಕರೆ ಅದು ಹಣೆಯ ಕಡೆಯದು. ವಜ್ರ ಮುಂದಕ್ಕೆ, ಸುಲಭವಾಗಿ ಬೆರಳಿಗೆ ಸಿಕ್ಕಿತೆಂದರೆ ಮಗು ಒಪಿಯಲ್ಲಿದೆ, ತಲೆಯೂ ಪೂರ್ತಿ ಬಾಗಿಲ್ಲ. ಹೆರಿಗೆ ಲಂಬಿಸಿ ನೆತ್ತಿಯ ಚರ್ಮ ಊದಿಕೊಂಡಿದ್ದರೆ ಬೆರಳು ಮೋಸ ಹೋಗುತ್ತದೆ. ಅಂಥಲ್ಲಿ ಸ್ಕ್ಯಾನನ್ನೇ ನಂಬುವುದು ಒಳ್ಳೆಯದು.

ತಡವಾಗುವುದು ಯಾಕೆ? ಮಗುವಿನ ಬೆನ್ನು ತಾಯಿಯ ಬೆನ್ನುಮೂಳೆಗೆ ಎದುರಾಗಿದ್ದಾಗ ಅದಕ್ಕೆ ಮುದುಡಿಕೊಳ್ಳಲು ಜಾಗವಿಲ್ಲ, ಗದ್ದ ಎದೆಯಿಂದ ಮೇಲೇಳುತ್ತದೆ. 9.5 ಇದ್ದದ್ದು 11.5ರ ಹತ್ತಿರ ಬರುತ್ತದೆ. ತಲೆ ಗರ್ಭಕೋಶದ ಬಾಯಿಯ ಮೇಲೆ ಸರಿಯಾಗಿ ಕೂರುವುದಿಲ್ಲ. ಅದರಿಂದ ನೋವು ಬಿಟ್ಟು ಬಿಟ್ಟು, ತಾಳ ತಪ್ಪಿ ಬರುತ್ತದೆ. ಕೆಲವೊಮ್ಮೆ ನೀರು ಮೊದಲೇ ಹೋಗಿಬಿಡುತ್ತದೆ. ಹೆಡತಲೆ ಬೆನ್ನುಮೂಳೆಯ ಬುಡವನ್ನು ಒತ್ತುವುದರಿಂದ ಒಂದು ನೋವು ಹೋಗಿ ಇನ್ನೊಂದು ಬರುವ ನಡುವೆಯೂ ಬೆನ್ನು ಬಿಡುವುದಿಲ್ಲ. ಗುದದ್ವಾರದ ಮೇಲೂ ಒತ್ತಡ ಬಿದ್ದು, ಬಾಯಿ ಪೂರ್ತಿ ತೆರೆಯುವ ಮೊದಲೇ ಮುಕ್ಕಬೇಕೆನಿಸುತ್ತದೆ.

ಎಡವಟ್ಟಾಗುವುದು ಇಲ್ಲಿಯೇ. ಗರ್ಭಕೋಶದ ಬಾಯಿ ಇನ್ನೂ 8–9 ಸೆಂ.ಮೀ. ತೆರೆದಿರುವಾಗಲೇ ಜೋರಾಗಿ ಮುಕ್ಕಿದರೆ ಅದರ ಮುಂದಿನ ಅಂಚು ತಲೆ ಮತ್ತು ಮೂಳೆಯ ನಡುವೆ ಸಿಕ್ಕಿ ಊದಿಕೊಳ್ಳುತ್ತದೆ, ಇದ್ದ ದಾರಿಯೂ ಚಿಕ್ಕದಾಗುತ್ತದೆ. ಪರೀಕ್ಷೆ ಮಾಡಿ ‘ಪೂರ್ತಿ ತೆರೆದಿದೆ’ ಎನ್ನುವ ತನಕ ಮಗ್ಗುಲಾಗಿ ಮಲಗಿ ಅಥವಾ ಮಂಡಿ-ಕೈ ಊರಿ, ಮೇಣದಬತ್ತಿ ಊದಿದಂತೆ ಸಣ್ಣ ಸಣ್ಣ ಉಸಿರು ಬಿಡುತ್ತ ಮುಕ್ಕುವ ಆ ತುಡಿತವನ್ನು ದಾಟಿಸಬೇಕು. ಹೇಳಿದಷ್ಟು ಸುಲಭವಲ್ಲ, ಪಕ್ಕದಲ್ಲಿ ಕೂತು ಉಸಿರಿಗೆ ಉಸಿರು ಕೂಡಿಸುವವರು ಬೇಕು.

ತಿರುಗುವುದು ಹೇಗೆ ಎಂಬುದೂ ತಿಳಿದಿರಲಿ. ಸೊಂಟದ ತಳದ ಸ್ನಾಯುಗಳು ಇಳಿಜಾರು ದೋಣಿಯ ಹಾಗಿವೆ. ತಲೆಯ ಯಾವ ಭಾಗ ಮೊದಲು ಅವನ್ನು ತಾಕುತ್ತದೋ ಆ ಭಾಗ ಮುಂದಕ್ಕೆ ಜಾರುತ್ತದೆ. ತಲೆ ಬಾಗಿದ್ದರೆ ಮೊದಲು ತಾಕುವುದು ಹೆಡತಲೆ; ಅದು 135 ಡಿಗ್ರಿ ಸುತ್ತಿ ಮುಂದೆ ಬರುತ್ತದೆ, ಆಮೇಲೆ ಎಲ್ಲ ಮಾಮೂಲಿ. ತಲೆ ಬಾಗಿರದಿದ್ದರೆ ಮೊದಲು ತಾಕುವುದು ಹಣೆಯ ಮೇಲ್ಭಾಗ. ಅದೇ ಮುಂದೆ ಬಂದು ಹೆಡತಲೆ ಹಿಂದಕ್ಕೆ ಸರಿಯುತ್ತದೆ, ಮಗು ಆಕಾಶ ನೋಡುತ್ತ ಹುಟ್ಟುತ್ತದೆ. ಅರ್ಧ ತಿರುಗಿ ಅಡ್ಡದಲ್ಲೇ ನಿಂತುಬಿಡುವುದೂ ಉಂಟು. ಹಾಗಾದರೆ ಕೈಯ ಅಥವಾ ಉಪಕರಣದ ನೆರವು ಬೇಕಾಗುತ್ತದೆ, ಇಲ್ಲವೆ ಸಿಜೇರಿಯನ್. ಆಕಾಶ ನೋಡುತ್ತಲೇ ಸಹಜವಾಗಿ ಹುಟ್ಟುವ ಮಕ್ಕಳೂ ಇದ್ದಾರೆ. ಆದರೆ ಮುಕ್ಕುವ ಹಂತ ಉದ್ದವಾಗುತ್ತದೆ, ಗುದದ ಸ್ನಾಯುವಿನವರೆಗೆ ಹರಿಯುವ ಸಂಭವ ಹೆಚ್ಚು.

ಆಸ್ಪತ್ರೆಯಲ್ಲಿ ಮಾಡುವುದೇನು? ಮೊದಲನೆಯದು ತಾಳ್ಮೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ ಹೆರಿಗೆಯ ಚುರುಕಿನ ಹಂತ ಶುರುವಾಗುವುದು ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದಾಗಿನಿಂದ. ಅಲ್ಲಿಂದ ಪೂರ್ತಿ ತೆರೆಯುವವರೆಗೆ ಚೊಚ್ಚಲಿಗೆ ಸಾಮಾನ್ಯವಾಗಿ 12 ಗಂಟೆ, ನಂತರದ ಹೆರಿಗೆಗೆ 10 ಗಂಟೆ ಮೀರುವುದಿಲ್ಲ. ಮುಕ್ಕುವ ಹಂತ ಚೊಚ್ಚಲಿಗೆ 3 ಗಂಟೆಯೊಳಗೆ, ಆಮೇಲಿನದಕ್ಕೆ 2 ಗಂಟೆಯೊಳಗೆ. ನೋವು ದುರ್ಬಲವಾಗಿದ್ದರೆ ಆಕ್ಸಿಟೋಸಿನ್ ಹನಿ ಹಾಕುತ್ತಾರೆ. ಆಗ ಮಗುವಿನ ಹೃದಯಬಡಿತವನ್ನು ಬಿಡದೆ ಗಮನಿಸಬೇಕು.

ಪೂರ್ತಿ ತೆರೆದ ಮೇಲೂ ತಲೆ ತಿರುಗದಿದ್ದರೆ ಅನುಭವಿ ವೈದ್ಯರು ಕೈಯಿಂದಲೇ ತಿರುಗಿಸಲು ನೋಡುತ್ತಾರೆ. ಮೂತ್ರಕೋಶ ಖಾಲಿ ಮಾಡಿ, ಬೆರಳುಗಳನ್ನು ಹೆಡತಲೆಯ ಸಂದಿನ ಗೆರೆಗೆ ಆನಿಸಿ, ನೋವು ಬಂದು ತಾಯಿ ಮುಕ್ಕುವಾಗಲೇ ಮೆಲ್ಲಗೆ ಮುಂದಕ್ಕೆ ಹೊರಳಿಸುತ್ತಾರೆ. ಕೈ ತಕ್ಷಣ ತೆಗೆದರೆ ತಲೆ ಮತ್ತೆ ಹಿಂದಕ್ಕೆ ಹೋಗುತ್ತದೆ. ಎರಡು ಮೂರು ನೋವು ದಾಟುವವರೆಗೆ ಹಿಡಿದಿರಬೇಕು. ಇದು ಫಲಿಸಿದರೆ ಎಷ್ಟೋ ಸಲ ಸಿಜೇರಿಯನ್ ತಪ್ಪುತ್ತದೆ. ಫಲಿಸದಿದ್ದರೆ, ತಲೆ ಎಷ್ಟು ಇಳಿದಿದೆ ಎಂಬುದರ ಮೇಲೆ ವ್ಯಾಕ್ಯೂಮ್, ಇಕ್ಕಳ ಅಥವಾ ಸಿಜೇರಿಯನ್. ಅಕ್ಕನಿಗೆ ವ್ಯಾಕ್ಯೂಮ್ ಹಾಕಿದ್ದು ಸೋಲೇನಲ್ಲ, ತಲೆ ಸಾಕಷ್ಟು ಇಳಿದಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಪ್ರಶ್ನೆ: ಹೆಂಡತಿಯ ಹೆರಿಗೆಗೆ ನಾನು ಜೊತೆಗಿರಬಹುದು ಎಂದಿದ್ದಾರೆ. ಬೆನ್ನುನೋವು ಜಾಸ್ತಿ ಇದ್ದರೆ ಏನು ಮಾಡಲಿ? ಯಾವ ಭಂಗಿ ಒಳ್ಳೆಯದು?

ಉತ್ತರ: ಒಂದೇ ‘ಸರಿಯಾದ ಭಂಗಿ’ ಎಂಬುದಿಲ್ಲ. ತಪ್ಪಾದದ್ದು ಒಂದಿದೆ: ಅಂಗಾತ, ಅಲುಗದೆ ಮಲಗುವುದು. ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಾಯಿಗೆ ತಲೆಸುತ್ತು ಬರುತ್ತದೆ, ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಳ್ಳದವರು ಮೊದಲ ಹಂತದಲ್ಲಿ, ಅಂದರೆ ಬಾಯಿ ಪೂರ್ತಿ ತೆರೆಯುವ ತನಕ, ನಿಂತು, ನಡೆದು, ಕೂತು ಇದ್ದರೆ ಆ ಹಂತ ಸರಾಸರಿ ಒಂದು ಗಂಟೆಗಿಂತಲೂ ಜಾಸ್ತಿ ತಗ್ಗುತ್ತದೆಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದಿದೆ.

ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಒಮ್ಮೆ ಭಂಗಿ ಬದಲಿಸಲು ನೆನಪಿಸುವುದು ನಿಮ್ಮ ಕೆಲಸ. ಕುರ್ಚಿಯನ್ನು ತಿರುಗಿಸಿ ಕೂತು ಬೆನ್ನಾಸರೆಯ ಮೇಲೆ ಒರಗುವುದು, ನಿಮ್ಮ ಹೆಗಲಿಗೆ ಜೋತು ನಿಲ್ಲುವುದು, ಮಂಡಿ-ಕೈ ಊರುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲಿನ ಕೆಳಗೆ ಎರಡು ದಿಂಬು ಇಡುವುದು. ಮಂಡಿ-ಕೈ ಊರುವುದು ಮಗುವನ್ನು ತಿರುಗಿಸುತ್ತದೆಂಬ ಖಾತ್ರಿ ಇಲ್ಲದಿದ್ದರೂ ಹೆರಿಗೆಯ ಬೆನ್ನುನೋವನ್ನು ತಗ್ಗಿಸುತ್ತದೆ, ಅದಕ್ಕೇ ಮಾಡಿಸಿ. ಎಪಿಡ್ಯೂರಲ್ ಇದ್ದರೆ ಕಾಲಿಗೆ ಬಲವಿರುವುದಿಲ್ಲ. ಆಗ ಎಡಮಗ್ಗುಲು, ಬಲಮಗ್ಗುಲು ಎಂದು ದಾದಿಯ ಸಹಾಯದಿಂದ ಹೊರಳಿಸಿ.

ಬೆನ್ನಿಗೆ: ಸೊಂಟದ ಹಿಂದೆ, ಪೃಷ್ಠದ ಸೀಳು ಶುರುವಾಗುವುದಕ್ಕೆ ತುಸು ಮೇಲೆ ಅಗಲವಾದ ಚಪ್ಪಟೆ ಮೂಳೆ ಕೈಗೆ ಸಿಗುತ್ತದೆ. ನೋವು ಬಂದಾಗ ಅಂಗೈಯ ಬುಡವನ್ನು ಅಲ್ಲಿ ಆನಿಸಿ, ತೋಳು ಮಡಚದೆ, ನಿಮ್ಮ ಮೈಭಾರ ಹಾಕಿ ಒತ್ತಿ ಹಿಡಿಯಿರಿ. ಉಜ್ಜುವುದು ಬೇಡ, ಒತ್ತುವುದು ಬೇಕು. ಎಷ್ಟು ಜೋರು ಎಂಬುದನ್ನು ಅವರೇ ಹೇಳುತ್ತಾರೆ. ಸಾಮಾನ್ಯವಾಗಿ ನೀವು ಎಣಿಸಿದ್ದಕ್ಕಿಂತ ಹೆಚ್ಚು. ನೋವು ಇಳಿದ ಮೇಲೆ ಕೈ ತೆಗೆಯಿರಿ. ಬೆಚ್ಚಗಿನ ಶಾಖ, ಬಿಸಿನೀರಿನ ಸ್ನಾನ ಕೂಡ ಹಿತ. ಎಪಿಡ್ಯೂರಲ್ ಇದ್ದಲ್ಲಿ ಮಾತ್ರ ಬಿಸಿ ಶಾಖ ಬೇಡ: ಸುಟ್ಟರೂ ತಿಳಿಯುವುದಿಲ್ಲ.

ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕಳಿಸಿ. ತುಂಬಿದ ಮೂತ್ರಕೋಶ ತಲೆಯ ದಾರಿಗೆ ಅಡ್ಡ ಬರುತ್ತದೆ ಎಂಬುದನ್ನು ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ. ಕೆಲವು ಕಡೆ ಬೆನ್ನಿನ ಬುಡದಲ್ಲಿ ನಾಲ್ಕು ಜಾಗದಲ್ಲಿ ಚರ್ಮದೊಳಗೆ 0.1 ಮಿ.ಲೀ.ನಷ್ಟು ಶುದ್ಧೀಕರಿಸಿದ ನೀರು ಚುಚ್ಚುತ್ತಾರೆ. ಅರ್ಧ ನಿಮಿಷ ಕಣಜ ಕಚ್ಚಿದ ಹಾಗೆ ಉರಿ, ಆಮೇಲೆ ಒಂದೆರಡು ಗಂಟೆ ಬೆನ್ನು ಹಗುರ. ಇದೆಯೇ ಎಂದು ಮೊದಲೇ ಕೇಳಿಡಿ.

ಪ್ರಶ್ನೆ: 36ನೇ ವಾರ. ಮಗು ತಲೆ ಮೇಲೆ ಮಾಡಿ ಕೂತಿದೆ, ಬ್ರೀಚ್. ಒಬ್ಬ ವೈದ್ಯರು ಸಿಜೇರಿಯನ್ ದಿನ ಗೊತ್ತು ಮಾಡೋಣ ಎಂದರು, ಇನ್ನೊಬ್ಬರು ಹೊಟ್ಟೆಯ ಮೇಲಿಂದಲೇ ತಿರುಗಿಸಬಹುದು ಎಂದರು. ಅದು ಅಪಾಯವಲ್ಲವೆ? ಮನೆಯಲ್ಲೇ ಹೊಟ್ಟೆ ನೀವಿ ತಿರುಗಿಸುವವರೂ ಇದ್ದಾರಂತೆ.

ಉತ್ತರ: ಕೊನೆಯದನ್ನು ಮೊದಲು ಹೇಳುತ್ತೇನೆ: ಮನೆಯಲ್ಲಿ ಹೊಟ್ಟೆ ನೀವಿಸಿ ತಿರುಗಿಸುವುದು ಬೇಡವೇ ಬೇಡ. ಮಾಸು ಗೋಡೆಯಿಂದ ಬಿಟ್ಟುಕೊಂಡರೆ, ಮಗುವಿನ ಹೃದಯಬಡಿತ ಕುಸಿದರೆ ಅಲ್ಲಿ ಗೊತ್ತುಮಾಡಿಕೊಳ್ಳುವ ಸಾಧನವೂ ಇಲ್ಲ, ಶಸ್ತ್ರಚಿಕಿತ್ಸೆಯ ಕೋಣೆಯೂ ಇಲ್ಲ.

28 ವಾರಕ್ಕೆ ನಾಲ್ಕೈದರಲ್ಲಿ ಒಂದು ಮಗು ಬ್ರೀಚ್ ಇರುತ್ತದೆ, ದಿನ ತುಂಬುವಾಗ ಉಳಿಯುವುದು ನೂರಕ್ಕೆ 3–4. 36 ವಾರದ ನಂತರ ತಾನಾಗಿ ತಿರುಗುವುದು ಅಪರೂಪ, ಚೊಚ್ಚಲಲ್ಲಂತೂ ಇನ್ನೂ ಅಪರೂಪ. ಹೊರಗಿನಿಂದ ತಿರುಗಿಸುವ ಕ್ರಮಕ್ಕೆ ಇಸಿವಿ ಎನ್ನುತ್ತಾರೆ. ಚೊಚ್ಚಲಿಗೆ 36ನೇ ವಾರದಿಂದ, ಹಿಂದೆ ಹೆತ್ತವರಿಗೆ 37ನೇ ವಾರದಿಂದ ಮಾಡುತ್ತಾರೆ. ಒಟ್ಟಾರೆ ಎರಡರಲ್ಲಿ ಒಂದು ಸಲ ಫಲಿಸುತ್ತದೆ: ಚೊಚ್ಚಲಲ್ಲಿ ನೂರಕ್ಕೆ 40, ಹಿಂದೆ ಹೆತ್ತವರಲ್ಲಿ 60ರ ಸುಮಾರು.

ನಡೆಯುವ ಬಗೆ ಹೀಗೆ. ಸ್ಕ್ಯಾನ್ ಮಾಡಿ ಮಗುವಿನ ಬೆನ್ನು, ಮಾಸು, ನೀರಿನ ಪ್ರಮಾಣ ನೋಡುತ್ತಾರೆ. ಅರ್ಧ ಗಂಟೆಯಷ್ಟು ಹೃದಯಬಡಿತದ ದಾಖಲೆ ತೆಗೆಯುತ್ತಾರೆ. ಮೂತ್ರಕೋಶ ಖಾಲಿ ಇರಬೇಕು. ಗರ್ಭಕೋಶ ಸಡಿಲವಾಗಲು ಟರ್ಬುಟಲಿನ್ 250 ಮೈಕ್ರೋಗ್ರಾಂ ಚರ್ಮದಡಿ ಚುಚ್ಚುತ್ತಾರೆ. ಅದರಿಂದ ನಿಮ್ಮ ಎದೆ ಡವಡವ ಎನ್ನಬಹುದು, ಕೈ ನಡುಗಬಹುದು, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಹೊಟ್ಟೆಗೆ ಜೆಲ್ ಹಚ್ಚಿ, ಮೊದಲು ಮಗುವಿನ ಕುಂಡಿಯನ್ನು ಮೂಳೆಗೂಡಿನಿಂದ ಮೇಲೆತ್ತುತ್ತಾರೆ. ಕೆಲಸದ ಮುಕ್ಕಾಲು ಭಾಗ ಅದೇ. ಕುಂಡಿ ಆಳಕ್ಕೆ ಇಳಿದಿದ್ದರೆ ತಿರುಗಿಸುವುದು ಕಷ್ಟ. ಆಮೇಲೆ ಒಂದು ಕೈ ತಲೆಯ ಮೇಲೆ, ಒಂದು ಕೈ ಕುಂಡಿಯ ಕೆಳಗೆ ಇಟ್ಟು ಮಗು ಮುಂದಕ್ಕೆ ಲಾಗ ಹಾಕುವಂತೆ ನಿಧಾನಕ್ಕೆ ಸರಿಸುತ್ತಾರೆ. ನಡುನಡುವೆ ಬಡಿತ ನೋಡುತ್ತಾರೆ. ತಿರುಗಿಸುವಾಗ ಬಡಿತ ತುಸು ನಿಧಾನವಾಗಿ ಮತ್ತೆ ಸರಿಹೋಗುವುದು ಸಾಮಾನ್ಯ. ಹೊಟ್ಟೆ ಬಿಗಿಯೆನಿಸುತ್ತದೆ, ಕೆಲವರಿಗೆ ನೋಯುತ್ತದೆ. ‘ಸಾಕು’ ಎಂದರೆ ನಿಲ್ಲಿಸಲೇಬೇಕು. ಮುಗಿದ ಮೇಲೆ ಮತ್ತೆ ಬಡಿತದ ದಾಖಲೆ. ನಿಮ್ಮ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಚುಚ್ಚುಮದ್ದು ಮರೆಯದೆ ಕೇಳಿ.

ಅಪಾಯ ಇಲ್ಲವೆನ್ನಲಾಗದು. ಸುಮಾರು 200ರಲ್ಲಿ ಒಬ್ಬರಿಗೆ ತುರ್ತು ಸಿಜೇರಿಯನ್ ಬೇಕಾಗುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸೆಯ ಕೋಣೆ ಇರುವಲ್ಲೇ ಮಾಡಬೇಕು. ಮಾಸು ಬಾಯಿಗೆ ಅಡ್ಡವಿದ್ದರೆ, ಇತ್ತೀಚೆಗೆ ರಕ್ತ ಹೋಗಿದ್ದರೆ, ನೀರು ಹೋಗಿದ್ದರೆ, ಅವಳಿಯಾಗಿದ್ದರೆ, ಬಡಿತದ ದಾಖಲೆ ಸರಿಯಿಲ್ಲದಿದ್ದರೆ ಮಾಡುವುದಿಲ್ಲ. ತಿರುಗಿದ ಮಗು ಮತ್ತೆ ಬ್ರೀಚ್ ಆಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ನಿಮಗೆ ಬೇರೆ ಅಡ್ಡಿ ಇಲ್ಲದಿದ್ದರೆ ಒಮ್ಮೆ ಯತ್ನಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ತಿರುಗದಿದ್ದರೆ? 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದ ನಂತರ ಬ್ರೀಚ್‌ಗೆ ಸಿಜೇರಿಯನ್ನೇ ರೂಢಿಯಾಯಿತು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿ ಕೊಡುವ ಅಂದಾಜು ಇದು: ಮಗು ಉಳಿಯದ ಸಂಭವ 39 ವಾರದ ನಂತರ ಯೋಜಿಸಿದ ಸಿಜೇರಿಯನ್‌ನಲ್ಲಿ ಸಾವಿರಕ್ಕೆ 0.5, ಯೋಜಿಸಿದ ಬ್ರೀಚ್ ಹೆರಿಗೆಯಲ್ಲಿ ಸಾವಿರಕ್ಕೆ 2, ತಲೆ ಕೆಳಗಿರುವ ಮಾಮೂಲಿ ಹೆರಿಗೆಯಲ್ಲಿ ಸಾವಿರಕ್ಕೆ 1. ಬ್ರೀಚ್‌ನಲ್ಲಿ ತೊಡಕು ಎಲ್ಲಿ ಎಂದರೆ, ದೊಡ್ಡದಾದ ತಲೆ ಕೊನೆಗೆ ಬರುತ್ತದೆ. ಮೈ ಚಿಕ್ಕದು, ಪೂರ್ತಿ ತೆರೆಯದ ಬಾಯಲ್ಲೂ ನುಸುಳಿ ಬಂದುಬಿಡಬಹುದು. ತಲೆ ಸಿಕ್ಕಿಕೊಳ್ಳುತ್ತದೆ, ಅಷ್ಟರಲ್ಲಿ ಕರುಳುಬಳ್ಳಿ ಒತ್ತಿಕೊಂಡಿರುತ್ತದೆ. ಕಾಲು ಮೊದಲು ಬರುವ ಬಗೆಯಲ್ಲಿ ಕರುಳುಬಳ್ಳಿ ಜಾರುವ ಅಪಾಯವೂ ಹೆಚ್ಚು, ಅಲ್ಲಿ ಸಿಜೇರಿಯನ್ನೇ ಸರಿ. ಕಾಲು ನೆಟ್ಟಗೆ ಮೇಲಕ್ಕೆ ಮಡಚಿ ಕುಂಡಿ ಮುಂದಾಗಿದ್ದು, ತಲೆ ಬಾಗಿದ್ದು, ತೂಕ ತೀರಾ ಕಡಿಮೆಯೂ 3.8 ಕೆ.ಜಿ. ಮೀರಿಯೂ ಇಲ್ಲದೆ, ಬ್ರೀಚ್ ಹೆರಿಗೆ ಮಾಡಿಸಿ ಪಳಗಿದ ಕೈ ಇದ್ದರೆ ಸಹಜ ಹೆರಿಗೆ ಸಾಧ್ಯ. ಆ ಪಳಗಿದ ಕೈಗಳೇ ಈಗ ಕಡಿಮೆಯಾಗಿವೆ.

36 ವಾರ ದಾಟಿಯೂ ಬ್ರೀಚ್ ಇದ್ದ ಮಗುವಿಗೆ, ಆಮೇಲೆ ತಿರುಗಿ ಹುಟ್ಟಿದ್ದರೂ, 6 ವಾರದ ಸುಮಾರಿಗೆ ತೊಡೆಯ ಕೀಲಿನ ಸ್ಕ್ಯಾನ್ ಮಾಡಿಸಿ. ಕೀಲು ಸರಿಯಾಗಿ ಕೂತಿಲ್ಲದಿರುವುದು ಇಂಥ ಮಕ್ಕಳಲ್ಲಿ ಹೆಚ್ಚು, ಬೇಗ ತಿಳಿದರೆ ಪಟ್ಟಿ ಕಟ್ಟಿಯೇ ಸರಿಪಡಿಸಬಹುದು.

ಪ್ರಶ್ನೆ: ಮೂರನೆಯ ಬಸಿರು, 37 ವಾರ. ಮಗು ಒಂದು ದಿನ ಅಡ್ಡ, ಒಂದು ದಿನ ಓರೆ, ಮರುದಿನ ತಲೆ ಕೆಳಗೆ. ಆಸ್ಪತ್ರೆಯಲ್ಲೇ ಇರಿ ಎನ್ನುತ್ತಿದ್ದಾರೆ. ನೋವೇ ಇಲ್ಲ, ಯಾಕಿರಬೇಕು?

ಉತ್ತರ: ನೋವು ಬಂದಮೇಲೆ ಹೊರಡೋಣ ಎನ್ನುವಂತಿಲ್ಲ ಎಂಬ ಕಾರಣಕ್ಕೇ. ಎರಡು ಮೂರು ಹೆತ್ತವರಲ್ಲಿ ಹೊಟ್ಟೆಯ ಸ್ನಾಯು ಸಡಿಲವಿರುವುದರಿಂದ ಮಗು ಹೀಗೆ ಹೊರಳಾಡುತ್ತದೆ. ಆದರೆ ಮಾಸು ಕೆಳಗಿರುವುದು, ನೀರು ಅತಿಯಾಗಿರುವುದು, ಗಡ್ಡೆ ದಾರಿಗೆ ಅಡ್ಡವಿರುವುದು, ಗರ್ಭಕೋಶದ ಆಕಾರ ಬೇರೆ ಇರುವುದು ಕೂಡ ಕಾರಣವಾಗಬಹುದು. ಮಾಸು ಎಲ್ಲಿದೆ ಎಂದು ತಿಳಿಯದೆ ಕೆಳಗಿನಿಂದ ಕೈ ಹಾಕಿ ಪರೀಕ್ಷೆ ಮಾಡಬಾರದು.

ಮಗು ಅಡ್ಡವಿದ್ದಾಗ ಕೆಳಗಿನ ಬಾಗಿಲು ಖಾಲಿ, ಮುಚ್ಚಳವಿಲ್ಲದ ಸೀಸೆಯ ಹಾಗೆ. ನೀರು ಹೋದರೆ ಅದರೊಂದಿಗೆ ಕರುಳುಬಳ್ಳಿಯೋ ಕೈಯೋ ಜಾರಿ ಬರಬಹುದು. ಬಳ್ಳಿ ಜಾರಿ ಒತ್ತಿಕೊಂಡರೆ ಲೆಕ್ಕ ನಿಮಿಷಗಳಲ್ಲಿ. ಅಡ್ಡವಿರುವ ಮಗು ಆ ದಾರಿಯಲ್ಲಿ ಹುಟ್ಟಲಾರದು. ನೋವು ಮುಂದುವರಿಯಲು ಬಿಟ್ಟರೆ ಗರ್ಭಕೋಶವೇ ಹರಿಯಬಹುದು.

ಮನೆಯಲ್ಲಿದ್ದಾಗ ನೀರು ಹೋದರೆ ಹೀಗೆ ಮಾಡಿ. ಆಂಬುಲೆನ್ಸ್ ಕರೆಯಿರಿ, ನಡೆದಾಡಬೇಡಿ. ಮಂಡಿಯೂರಿ, ಎದೆ ನೆಲಕ್ಕೆ ತಾಗುವಂತೆ ಬಾಗಿ, ಕುಂಡಿ ಮೇಲಿರಲಿ. ವಾಹನದಲ್ಲಿ ಎಡಮಗ್ಗುಲಾಗಿ ಮಲಗಿ ಸೊಂಟದ ಕೆಳಗೆ ದಿಂಬು ಇಡಿ. ಬಳ್ಳಿ ಹೊರಗೆ ಕಂಡರೆ ಮುಟ್ಟಬೇಡಿ, ಒಳಗೆ ತಳ್ಳಬೇಡಿ. ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ‘ಮಗು ಅಡ್ಡ ಇತ್ತು, ನೀರು ಹೋಗಿದೆ’ ಎಂಬ ಎರಡು ಮಾತನ್ನು ಫೋನಿನಲ್ಲೇ ಹೇಳಿಬಿಡಿ, ಅಲ್ಲಿ ಸಿದ್ಧರಾಗಿರುತ್ತಾರೆ. ಮನೆಯಿಂದ ಆಸ್ಪತ್ರೆ ದೂರವಿದ್ದರೆ ಆಸ್ಪತ್ರೆಯಲ್ಲೇ ಇರುವುದು ವಾಸಿ. ತಲೆ ಕೆಳಗೆ ಬಂದು ಒಂದೆರಡು ದಿನ ಅಲ್ಲೇ ನಿಂತರೆ ಮನೆಗೆ ಕಳಿಸಲೂಬಹುದು.

ಪ್ರಶ್ನೆ: 38 ವಾರವಾದರೂ ತಲೆ ಕೂತಿಲ್ಲ ಎನ್ನುತ್ತಾರೆ. ಇದರರ್ಥ ಸಿಜೇರಿಯನ್ನೇ?

ಉತ್ತರ: ಇಲ್ಲ. ಹೊಟ್ಟೆ ಮುಟ್ಟಿ ನೋಡುವಾಗ ತಲೆಯನ್ನು ಐದು ಪಾಲು ಮಾಡಿ ಎಣಿಸುತ್ತಾರೆ; ಮೇಲೆ ಎರಡು ಪಾಲು ಅಥವಾ ಕಡಿಮೆ ಸಿಕ್ಕರೆ ತಲೆ ಕೂತಿದೆ ಎಂದರ್ಥ. ಚೊಚ್ಚಲಲ್ಲಿ ಕೊನೆಯ ವಾರಗಳಲ್ಲೇ ಕೂರುವುದು ಹೆಚ್ಚು, ಆದರೆ ನೋವು ಬಂದಮೇಲೆ ಕೂರುವುದೂ ಮಾಮೂಲಿ. ಹಿಂದೆ ಹೆತ್ತವರಲ್ಲಂತೂ ಹಾಗೇ. ಮಾಸು ಕೆಳಗಿಲ್ಲ ಎಂಬುದನ್ನು ಸ್ಕ್ಯಾನ್‌ನಲ್ಲಿ ಖಚಿತಪಡಿಸಿಕೊಳ್ಳಿ, ಸಾಕು.

ಪ್ರಶ್ನೆ: ಕುತ್ತಿಗೆಗೆ ಕರುಳುಬಳ್ಳಿ ಒಂದು ಸುತ್ತು ಇದೆಯಂತೆ. ತಲೆ ಕೆಳಗಿದ್ದರೂ ಆಪರೇಷನ್ ಬೇಕೆ?

ಉತ್ತರ: ಅಷ್ಟಕ್ಕೇ ಬೇಡ. ನಾಲ್ಕು ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ, ತಲೆ ಬಂದಾಗ ಸುತ್ತು ಬಿಡಿಸುತ್ತಾರೆ. ಗಮನಿಸಬೇಕಾದದ್ದು ಅಲುಗಾಟ. ದಿನ ಹತ್ತಿರವಾದಾಗ ಮಗು ಅಲುಗುವುದು ಕಡಿಮೆಯಾಗುತ್ತದೆ ಎಂಬ ಮಾತು ತಪ್ಪು. ಕಡಿಮೆಯೆನಿಸಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ರಾತ್ರಿ ಯಾವ ಮಗ್ಗುಲಾದರೂ ಸರಿ, ಮಗ್ಗುಲಾಗಿ ಮಲಗಿ.

ಪ್ರಶ್ನೆ: ಮೊದಲ ಹೆರಿಗೆಯಲ್ಲಿ ‘ಹಣೆ ಮುಂದಾಗಿ ಬಂದಿದೆ’ ಎಂದು ಸಿಜೇರಿಯನ್ ಮಾಡಿದರು. ಎರಡನೆಯದಕ್ಕೂ ಅದೇ ಆಗುತ್ತದೆಯೆ?

ಉತ್ತರ: ಹಣೆ ಮುಂದಾಗುವುದು ಬಲು ಅಪರೂಪ. 13.5 ಸೆಂ.ಮೀ. ಅಳತೆ 13ರ ಬಾಗಿಲಲ್ಲಿ ಹಿಡಿಸುವುದಿಲ್ಲ. ಕೆಲವೊಮ್ಮೆ ಹೆರಿಗೆಯ ನಡುವೆ ತಲೆ ಬಾಗಿ ನೆತ್ತಿಯೋ, ಪೂರ್ತಿ ಹಿಂದೆ ವಾಲಿ ಮುಖವೋ ಮುಂದಾಗುತ್ತದೆ. ಮುಖ ಮುಂದಾಗಿ ಗದ್ದ ತಾಯಿಯ ಹೊಟ್ಟೆಯ ಕಡೆಗಿದ್ದರೆ ಸಹಜವಾಗಿಯೇ ಹುಟ್ಟಬಹುದು, ಬೆನ್ನಿನ ಕಡೆಗಿದ್ದರೆ ಆಗದು. ಹಣೆಯೇ ನಿಂತುಬಿಟ್ಟಲ್ಲಿ ಸಿಜೇರಿಯನ್ ಬಿಟ್ಟು ದಾರಿಯಿಲ್ಲ. ನಿಮಗೆ ಮಾಡಿದ್ದು ಸರಿಯಾಗಿಯೇ ಇದೆ.

ಆದರೆ ಅದು ಆ ಮಗುವಿನ ಭಂಗಿಯ ಕಾರಣ, ನಿಮ್ಮ ಮೂಳೆಗೂಡಿನದ್ದಲ್ಲ. ಮರುಕಳಿಸುವ ಸಂಭವ ಕಡಿಮೆ. ಒಂದು ಸಿಜೇರಿಯನ್ ಆದವರು ಸಹಜ ಹೆರಿಗೆಗೆ ಯತ್ನಿಸಿದಾಗ ನೂರಕ್ಕೆ 72ರಿಂದ 75 ಮಂದಿಗೆ ಫಲಿಸುತ್ತದೆ. ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯ ಸುಮಾರು 200ರಲ್ಲಿ ಒಂದು. ಅದಕ್ಕಾಗಿ ಹೃದಯಬಡಿತವನ್ನು ಸತತವಾಗಿ ನೋಡುವ, ಕೂಡಲೇ ಶಸ್ತ್ರಚಿಕಿತ್ಸೆ ಮಾಡಬಲ್ಲ ಕಡೆಯೇ ಹೆರಿಗೆಯಾಗಬೇಕು. ಹಳೆಯ ಆಪರೇಷನ್ ಟಿಪ್ಪಣಿಯ ಪ್ರತಿ ಈಗಲೇ ತೆಗೆದಿಟ್ಟುಕೊಳ್ಳಿ. ಗರ್ಭಕೋಶದ ಮೇಲಿನ ಗಾಯ ಅಡ್ಡವೋ ಉದ್ದವೋ ಎಂಬುದು ಅದರಲ್ಲಿರುತ್ತದೆ. ಹೊಟ್ಟೆಯ ಚರ್ಮದ ಗಾಯ ನೋಡಿ ಅದನ್ನು ಹೇಳಲಾಗುವುದಿಲ್ಲ. ಉದ್ದ ಗಾಯವಾಗಿದ್ದರೆ ಸಹಜ ಹೆರಿಗೆಯ ಯತ್ನ ಬೇಡ. ಕೆಳಭಾಗದಲ್ಲಿ ಅಡ್ಡ ಗಾಯವಾಗಿದ್ದರೆ ವೈದ್ಯರ ಮುಂದೆ ಆ ಮಾತೆತ್ತಬಹುದು.